ಪೇಟಿ, ಚೌಡಿಕೆ ಮತ್ತು ಆಪೆರಾ ಗಂಟಲು: ಆಫ್ರಿಕಾದವರು ಕೂಡಿಸಿದ ಬಗೆ, ನಮ್ಮ ಬಯಲಾಟಕ್ಕೆ ಬೇಕಾದ ಲೆಕ್ಕ

‘ಅಳಬೇಡ’ ಎಂಬ ಮಾತನ್ನು ಆಪೆರಾ, ಅಂದರೆ ಪಾಶ್ಚಾತ್ಯರ ಹಾಡಿನ ನಾಟಕ, ಕಲಿತ ಗಂಟಲಿಗೆ ಕೊಟ್ಟು ನೋಡಿ. ಮೊದಲ ಅಕ್ಷರದ ಮೇಲೆ ಉಸಿರು ತುಂಬಿ ಎರಡು ಮಾತ್ರೆ ಎಳೆದರೋ, ಅದು ‘ಆಳಬೇಡ’ ಆಗಿಬಿಡುತ್ತದೆ. ಮಗನಿಗೆ ಸಮಾಧಾನ ಹೇಳಬೇಕಾದ ಕುಂತಿ, ರಾಜ್ಯ ಬಿಡು ಅಂದಂತಾಯಿತು. ಕೊಪ್ಪಳ, ಬಳ್ಳಾರಿ ಸೀಮೆಯ ಬಯಲಾಟದ ಮಂದಿ ರಾಗ ಸ್ವಲ್ಪ ಜಾರಿದರೆ ಸಹಿಸುತ್ತಾರೆ, ಮಾತು ತಪ್ಪಿದರೆ ನಗುತ್ತಾರೆ. ಕರುಣ ರಸದ ಜಾಗದಲ್ಲಿ ಒಮ್ಮೆ ನಗೆ ಎದ್ದರೆ ಆ ರಾತ್ರಿ ಕುಂತಿ ಮತ್ತೆ ಏಳುವುದಿಲ್ಲ.

ಬಯಲಾಟಕ್ಕೂ ಆಪೆರಾಕ್ಕೂ ಗಂಟು ಹಾಕುವ ಆಸೆ ಹೊಸದೇನಲ್ಲ. ಎರಡೂ ಹಾಡಿನ ನಾಟಕ, ಎರಡರಲ್ಲೂ ಮೇಳ ಉಂಟು, ಎರಡರಲ್ಲೂ ರಾಜರು ಸಾಯುವ ಮುಂಚೆ ಬಹಳ ಹೊತ್ತು ಹಾಡುತ್ತಾರೆ. ಆದರೆ ಮುಂದೆ ಇಟಾಲಿಯನ್ ಶೈಲಿಯ ಹಾಡು, ಹಿಂದೆ ನಾಲ್ಕು ಡೊಳ್ಳು ಇಟ್ಟರೆ ಅದು ಕೂಡಿಕೆ ಅಲ್ಲ, ಒಂದೇ ಅಟ್ಟದ ಮೇಲೆ ಎರಡು ಕಾರ್ಯಕ್ರಮ. ಈ ಹಳ್ಳವನ್ನು ನಮಗಿಂತ ಮೊದಲು ದಾಟಿದವರು ಆಫ್ರಿಕಾದ ಸಂಗೀತಗಾರರು. ಅವರು ಮೊದಲು ಕೈ ಹಾಕಿದ್ದು ಡೋಲಿಗಲ್ಲ, ಭಾಷೆಗೆ.

ನೈಜೀರಿಯಾದ ಯೊರುಬಾ ಭಾಷೆಗೆ ಮೂರು ಸ್ಥಾಯಿಗಳಿವೆ: ಮೇಲು, ನಡು, ಕೆಳಗು. ‘ಒಕೊ’ ಎಂಬ ಪದದ ಎರಡೂ ಅಕ್ಷರ ನಡುವಿನಲ್ಲಿದ್ದರೆ ಗಂಡ. ಎರಡನೆಯದು ಮೇಲೆ ಹೋದರೆ ಗುದ್ದಲಿ. ಕೆಳಗಿಳಿದರೆ ದೋಣಿ ಅಥವಾ ವಾಹನ. ಮಿಷನರಿಗಳು ಇಂಗ್ಲಿಷ್ ಧಾಟಿಗಳನ್ನು ಹಾಗೇ ಇಟ್ಟು ಅವಕ್ಕೆ ಯೊರುಬಾ ಮಾತು ತುಂಬಿದಾಗ, ಧಾಟಿ ಏರುವಲ್ಲಿ ಮಾತು ಇಳಿಯಬೇಕಿತ್ತು, ಇಳಿಯುವಲ್ಲಿ ಏರಬೇಕಿತ್ತು. ಹಾಡು ಕೇಳಲು ಇಂಪಾಗಿತ್ತು, ಅರ್ಥ ಕೆಟ್ಟಿತ್ತು. ಮುಂದೆ ಅಲ್ಲಿನ ಸಂಗೀತಗಾರರೇ ಮಾತಿನ ಏರಿಳಿತವನ್ನು ಧಾಟಿಯಾಗಿ ಬೆಳೆಸಿದರು. ನಮ್ಮ ಊರಿಗೂ ಈ ಕಥೆ ದೂರದ್ದಲ್ಲ. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದವರು. ಇಂಗ್ಲಿಷ್ ಧಾಟಿಗೆ ಕನ್ನಡ ಕೀರ್ತನೆ ಕೂರಿಸಿದಲ್ಲೆಲ್ಲ ಹ್ರಸ್ವ ದೀರ್ಘವಾಗುವ, ದೀರ್ಘ ಮುರಿಯುವ ಪೀಡೆ ಇದ್ದದ್ದೇ. ಯೊರುಬಾಕ್ಕೆ ಸ್ಥಾಯಿ ಹೇಗೋ ಕನ್ನಡಕ್ಕೆ ಲಘು-ಗುರು ಹಾಗೆ.

ಇದನ್ನು ವಿದ್ಯೆಯಾಗಿ ಕಟ್ಟಿದವರಲ್ಲಿ ಅಕಿನ್ ಯುಬಾ ಮುಖ್ಯರು. 1935ರಲ್ಲಿ ಲಾಗೋಸ್‌ನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಪಿಯಾನೊ ಕಲಿತು, ಆಮೇಲೆ ಯೊರುಬಾದ ಮಾತಾಡುವ ಡೋಲು ‘ಡುಂಡುನ್’ ಮೇಲೆ ಘಾನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದರು. 1970ರ ಅವರ ಆಪೆರಾ ‘ಚಾಕಾ’, ಸೆನೆಗಲ್‌ನ ಕವಿ ಸೆಂಘೋರ್ ಬರೆದ ಕಾವ್ಯವನ್ನು ಆಧರಿಸಿದ್ದು. ಪಾಶ್ಚಾತ್ಯ ವಾದ್ಯಗಳ ಜೊತೆಗೆ ಪಶ್ಚಿಮ ಆಫ್ರಿಕಾದ ಡೋಲುಗಳೂ ಘಾನಾದ ಬಿದಿರು ಕೊಳಲು ಅಟೆಂಟೆಬೆನ್ನೂ ಅದರಲ್ಲಿವೆ. ದಕ್ಷಿಣ ಆಫ್ರಿಕಾದಲ್ಲಿ ಮ್ಜಿಲಿಕಾಜಿ ಖುಮಾಲೊ ಜುಲು ಭಾಷೆಯಲ್ಲಿ ‘ಪ್ರಿನ್ಸೆಸ್ ಮಗೋಗೊ’ ಆಪೆರಾ ರಚಿಸಿದರು. ಅದು 2002ರಲ್ಲಿ ಡರ್ಬನ್ನಿನಲ್ಲಿ ರಂಗಕ್ಕೆ ಬಂತು. ಅದರ ನಾಯಕಿ ಮಗೋಗೊ ಸ್ವತಃ ಹಾಡುಗಾರ್ತಿ, ಸೋರೆ ಬುರುಡೆ ಕಟ್ಟಿದ ಒಂದೇ ತಂತಿಯ ಬಿಲ್ಲು ‘ಉಗುಭು’ ನುಡಿಸುತ್ತಿದ್ದ ರಾಜಮನೆತನದ ಹೆಣ್ಣುಮಗಳು. ಕೇಪ್‌ಟೌನಿನ ಇಸಾಂಗೊ ತಂಡ ಇನ್ನೊಂದು ದಾರಿ ಹಿಡಿಯಿತು. ಮೊಜಾರ್ಟನ 1791ರ ‘ಮಾಯಾ ಕೊಳಲು’ ಆಪೆರಾವನ್ನು ಎತ್ತಿಕೊಂಡು, ಇಡೀ ವಾದ್ಯಮೇಳವನ್ನೇ ತೆಗೆದು ಮರಿಂಬಾಗಳನ್ನು, ಅಂದರೆ ಕೋಲಿನಿಂದ ಬಾರಿಸುವ ಮರದ ಪಟ್ಟಿಗಳ ವಾದ್ಯಗಳನ್ನು, ಕೂರಿಸಿತು.

ಇನ್ನು ನಮ್ಮ ಕೆಲಸ. ಎಂಟು ನಿಮಿಷದ ಒಂದು ದೃಶ್ಯ ಸಾಕು. ಇಡೀ ರಾತ್ರಿಯ ಪ್ರಸಂಗಕ್ಕೆ ಮೊದಲ ಸಲವೇ ಕೈ ಹಾಕಬೇಡಿ. ಒಂದು ಪೇಟಿ (ಹಾರ್ಮೋನಿಯಂ), ಒಂದು ಮದ್ದಳೆ, ಒಂದು ಜೊತೆ ತಾಳ, ಒಂದು ಚೌಡಿಕೆ (ಜೋಗತಿಯರ ತಂತಿವಾದ್ಯ), ಸೊಲ್ಲು ಎತ್ತುವ, ಅಂದರೆ ಪದದ ಕೊನೆಯನ್ನು ಮತ್ತೆ ಹಾಡುವ, ನಾಲ್ವರು, ಕಥೆ ನಡೆಸುವ ಒಬ್ಬ ಸಾರಥಿ, ಒಂದು ಆಪೆರಾ ಕಂಠ. ಇಷ್ಟರಲ್ಲಿ ಆಗದ್ದು ನಲವತ್ತು ಜನರಿಂದಲೂ ಆಗದು.

ಮೊದಲು ಪದವನ್ನು, ಅಂದರೆ ದೃಶ್ಯದ ಹಾಡನ್ನು, ಹಾಡಬೇಡಿ, ಓದಿಸಿ. ಬಯಲಾಟದ ಮಾಸ್ತರು ಅದನ್ನು ವಚನದ ಧಾಟಿಯಲ್ಲಿ ಮೂರು ಸಲ ಹೇಳಲಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಪ್ರಸ್ತಾರ ಹಾಕಿ, ಶಾಲೆಯಲ್ಲಿ ಕಲಿತಂತೆಯೇ. ಎಳೆಯಬಹುದಾದ ಜಾಗ ಮೂರೇ: ದೀರ್ಘ ಸ್ವರ, ಅನುಸ್ವಾರ, ಸಾಲಿನ ಕೊನೆ. ‘ಅಳಬೇಡ’ದಲ್ಲಿ ‘ಬೇ’ಯನ್ನು ಎಂಟು ಮಾತ್ರೆ ಎಳೆಯಿರಿ, ಯಾರ ಕಿವಿಗೂ ಚುಚ್ಚುವುದಿಲ್ಲ. ‘ಅ’ ಮತ್ತು ‘ಳ’ ತಲಾ ಒಂದೇ. ‘ಮಡಿ-ಮಾಡಿ’, ‘ಹಳೆ-ಹಾಳೆ’, ‘ಕಡು-ಕಾಡು’, ‘ಬರ-ಬಾರ’ ಇಂಥ ಜೋಡಿಪದಗಳು ಸಾಲಿನಲ್ಲಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಆಪೆರಾ ಗಂಟಲಿಗೆ ಸೊಗಸಾದ ಸ್ವರ ಹಾಕಬೇಕೆನ್ನುವ ಅವಸರದಲ್ಲಿ ಇದನ್ನೇ ಮೊದಲು ಮರೆಯುವುದು.

ಒಂದು ಸಮಾಧಾನವೂ ಇದೆ. ಇಟಾಲಿಯನ್ ಭಾಷೆಯಲ್ಲಿ ನಮ್ಮ ಹಾಗೇ ಒತ್ತಕ್ಷರಗಳಿವೆ, ‘ಬೆಲ್ಲಾ’, ‘ನೊಟ್ಟೆ’ ಎಂಬಂತೆ. ಆದ್ದರಿಂದ ಆಪೆರಾ ಕಲಿತವರಿಗೆ ‘ಅಕ್ಕ’, ‘ಹಳ್ಳಿ’ ಕಷ್ಟವಲ್ಲ, ಇಟಾಲಿಯನ್ನಿನ ಹಾಗೆ ಹಾಡಿ ಅಂದರೆ ಸಾಕು. ಕಷ್ಟ ಬರುವುದು ಟ, ಡ, ಣ, ಳಗಳಲ್ಲಿ. ನಾಲಿಗೆ ಮಡಚಿದರೆ ಸ್ವರದ ಹರಿವು ಕಡಿಯುತ್ತದೆಂದು ಹೆದರಿ ಅವರು ‘ಳ’ವನ್ನು ‘ಲ’ ಮಾಡುತ್ತಾರೆ. ದಕ್ಷಿಣ ಆಫ್ರಿಕಾದ ಷೋಸಾ ಭಾಷೆಯಲ್ಲಿ ಆಪೆರಾ ಹಾಡುವವರು ಇದಕ್ಕಿಂತ ಗಟ್ಟಿಯದನ್ನು ದಾಟಿದ್ದಾರೆ. ಅಲ್ಲಿ ಬಾಯಲ್ಲಿ ‘ಟಕ್’ ಅನ್ನುವ ಶಬ್ದಗಳೇ ವ್ಯಂಜನಗಳು. ಒಂದು ನಮ್ಮವರು ಮರುಗುವಾಗ ಮಾಡುವ ‘ಚ್ಚ್’, ಇನ್ನೊಂದು ಎತ್ತು ಹೊಡೆಯುವಾಗ ದವಡೆಯ ಪಕ್ಕದಿಂದ ಹೊರಡುವ ಸದ್ದು. ಅಂಥವನ್ನು ಉಸಿರು ನಿಲ್ಲಿಸದೆ ಹಾಡಬಹುದಾದರೆ ‘ಳ’ ಯಾವ ಲೆಕ್ಕ?

ಶ್ರುತಿಯ ಎತ್ತರ ಗೊತ್ತು ಮಾಡುವಾಗ ಪೇಟಿಯ ಪಟ್ಟಿಯನ್ನೇ ಹಿಡಿದು ಮಾತಾಡಿ. ಮೇಳ ಕರಿ ಎರಡರಲ್ಲಿ, ಅಂದರೆ ಎರಡನೇ ಕರಿ ಪಟ್ಟಿಯನ್ನು ಷಡ್ಜ ಮಾಡಿಕೊಂಡು, ಕೂತಿದೆ ಅನ್ನಿ, ಹಾಡುವವರು ಸೊಪ್ರಾನೊ, ಅಂದರೆ ಎತ್ತರದ ಹೆಣ್ಣು ಕಂಠ. ಅವರ ಮಧ್ಯ ಷಡ್ಜ ಸುಮಾರು 311 ಹರ್ಟ್ಸ್, ಮೇಲಿನ ಷಡ್ಜ 622, ಮೇಲಿನ ಗಾಂಧಾರ 784. ಸುಮಾರು 700 ಹರ್ಟ್ಸ್ ದಾಟಿದ ಮೇಲೆ ಯಾವ ಹೆಣ್ಣು ಕಂಠದಲ್ಲೂ ಇ, ಎ, ಉಗಳ ಭೇದ ಅಳಿಸಿಹೋಗಿ ಎಲ್ಲ ‘ಆ’ದ ಹಾಗೆ ಕೇಳತೊಡಗುತ್ತದೆ. ಅದು ಹಾಡುವವರ ತಪ್ಪಲ್ಲ. ಆ ಎತ್ತರದಲ್ಲಿ ಬಾಯಿಯ ಪೊಳ್ಳು ಸ್ವರದ ಜೊತೆ ಅನುರಣಿಸಬೇಕಾದರೆ ದವಡೆ ಅಗಲಿಸಲೇಬೇಕು. ಹಾಗಾಗಿ ಕಥೆ ಹೇಳುವ ಸಾಲು ಮೇಲಿನ ಷಡ್ಜದ ಕೆಳಗೇ ಇರಲಿ. ಅದರ ಮೇಲೆ ‘ಆ’ಕಾರದ ಆಲಾಪ, ಇಲ್ಲವೆ ಮಂದಿಗೆ ಆಗಲೇ ಗೊತ್ತಾದ ಮಾತಿನ ಪುನರಾವೃತ್ತಿ. ಆಪೆರಾ ರಚಿಸುವವರೂ ಇದನ್ನೇ ಮಾಡಿಕೊಂಡು ಬಂದಿದ್ದಾರೆ. ಗಂಡು ಕಂಠವಾದರೆ, ಕರಿ ಎರಡರಲ್ಲಿ ಮೇಲಿನ ಪಂಚಮದವರೆಗೆ ಟೆನರ್, ಅಂದರೆ ಎತ್ತರದ ಗಂಡು ಗಂಟಲು, ಹೋಗುತ್ತದೆ. ನಾಟಕದವರ ಚಟದಂತೆ ಕರಿ ನಾಲ್ಕಕ್ಕೆ ಏರಿಸಿದರೆ ಅದೇ ಪಂಚಮ ಅವನ ಕೈಗೆಟುಕುವುದಿಲ್ಲ.

ಈಗ ಲಯ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು, ಯಾಕೆಂದರೆ ‘ಆಫ್ರಿಕನ್ ಬೀಟ್’ ಎಂದು ಕೀಬೋರ್ಡಿನ ಗುಂಡಿ ಒತ್ತುವವರು ಹೆಚ್ಚು.

ಘಾನಾ ಮತ್ತು ಟೋಗೊದ ಎವೆ ಜನರ ಮೇಳದಲ್ಲಿ ಕಾಲವನ್ನು ಹಿಡಿಯುವುದು ಡೋಲಲ್ಲ, ‘ಗಂಕೋಗುಯಿ’ ಎಂಬ ಕಬ್ಬಿಣದ ಜೋಡಿಗಂಟೆ. ಹನ್ನೆರಡು ಮಾತ್ರೆಯ ಆವರ್ತದಲ್ಲಿ ಏಳು ಪೆಟ್ಟು. ಪೆಟ್ಟುಗಳ ನಡುವಿನ ಅಂತರ 2, 2, 1, 2, 2, 2, 1. ಇದನ್ನು ನಮ್ಮ ಲೆಕ್ಕದಲ್ಲಿ ಬರೆದರೆ ಗುರು ಗುರು ಲಘು, ಗುರು ಗುರು ಗುರು, ಲಘು. ಒಂದು ತಗಣ, ಒಂದು ಮಗಣ, ಮೇಲೊಂದು ಲಘು. ಅಂದರೆ ಆಫ್ರಿಕಾದ ಗಂಟೆಯನ್ನು ಕಲಿಯಲು ನಮಗೆ ಪಾಶ್ಚಾತ್ಯ ಸ್ವರಲಿಪಿಯ ಹಂಗಿಲ್ಲ, ಒಂದು ಸಾಲು ಕನ್ನಡ ಸಾಕು:

ಊರ್ಮುಂದೆ ತುಂಗಾತೀರ

ಬಿಡಿಸಿ ನೋಡಿ: ಊ, ರ್ಮುಂ, ದೆ, ತುಂ, ಗಾ, ತೀ, ರ. ಪ್ರತಿ ಅಕ್ಷರದ ಹುಟ್ಟಿನಲ್ಲಿ ಗಂಟೆಗೊಂದು ಪೆಟ್ಟು. ನಿಲ್ಲದೆ ಹತ್ತು ಸಲ ಹೇಳಿದರೆ ಗಂಟೆ ಬಂದ ಹಾಗೆ.

ಮದ್ದಳೆಯವರು ಇದರ ಕೆಳಗೆ ತಕಿಟ ತಕಿಟ ತಕಿಟ ತಕಿಟ ಹಿಡಿಯುತ್ತಾರೆ, ಮೂರು ಮಾತ್ರೆಯ ನಾಲ್ಕು ಪೆಟ್ಟು. ಅವು ಬೀಳುವುದು 1, 4, 7, 10ನೇ ಮಾತ್ರೆಗಳ ಮೇಲೆ. ಗಂಟೆ ಬೀಳುವುದು 1, 3, 5, 6, 8, 10, 12ರ ಮೇಲೆ. ಎರಡೂ ಕೂಡುವುದು ಒಂದರಲ್ಲಿ ಮತ್ತು ಹತ್ತರಲ್ಲಿ ಮಾತ್ರ. ನಡುವಿನ ಎರಡು ಪೆಟ್ಟಿಗೆ ಗಂಟೆಯ ಆಸರೆಯಿಲ್ಲ, ಮದ್ದಳೆ ಜಾರುವುದು ಅಲ್ಲೇ. ಆ ಸಾಲನ್ನೇ ಹೇಳುತ್ತ ನಾಲ್ಕು ಚಪ್ಪಾಳೆ ತಟ್ಟಿ: ಮೊದಲನೆಯದು ‘ಊ’ ಮೇಲೆ, ಎರಡನೆಯದು ‘ರ್ಮುಂ’ನ ಸೊನ್ನೆಯ ಮೇಲೆ, ಮೂರನೆಯದು ‘ತುಂ’ನ ಸೊನ್ನೆಯ ಮೇಲೆ, ನಾಲ್ಕನೆಯದು ‘ತೀ’ ಮೇಲೆ. ಆಸರೆಯಿಲ್ಲದ ಎರಡೂ ಚಪ್ಪಾಳೆಗಳು ಸೊನ್ನೆಯ ಮೇಲೇ ಬರುವಂತೆ ಸಾಲು ಕೂತಿದೆ. ಮೂಗಿನಲ್ಲಿ ಸೊನ್ನೆ ಗುಂಯ್‌ಗುಡುವಾಗ ತಟ್ಟಿದರೆ ಆಯಿತು. ಇದು ಬಾಯಿಗೆ ಬಾರದೆ ವಾದ್ಯಕ್ಕೆ ಹೋಗಬೇಡಿ.

ಇನ್ನೊಂದು ತಪ್ಪು ಎಲ್ಲರಿಗೂ ಆಗುತ್ತದೆ. ಹನ್ನೆರಡನೇ ಮಾತ್ರೆಯ ‘ರ’ಕ್ಕೂ ಮುಂದಿನ ‘ಊ’ಗೂ ಒಂದೇ ಮಾತ್ರೆ ಅಂತರ. ಕಿವಿ ಆ ‘ರ’ವನ್ನೇ ಸಮ, ಅಂದರೆ ಆವರ್ತದ ಮೊದಲ ಪೆಟ್ಟು, ಎಂದು ಹಿಡಿಯುತ್ತದೆ, ಇಡೀ ಮೇಳ ಒಂದು ಮಾತ್ರೆ ಹಿಂದೆ ಸರಿಯುತ್ತದೆ, ಸರಿದದ್ದು ಯಾರಿಗೂ ತಿಳಿಯುವುದಿಲ್ಲ. ಹಾಡು ಸೇರಿದಾಗ ಮಾತ್ರ ಏನೋ ಕುಂಟುತ್ತಿದೆ ಅನಿಸುತ್ತದೆ. ತಾಳದವರು ‘ಊ’ಗೆ ಮಾತ್ರ ಬಿಡಿಪೆಟ್ಟು, ಮಿಕ್ಕವಕ್ಕೆ ಮುಚ್ಚುಪೆಟ್ಟು ಕೊಟ್ಟರೆ ಇದು ನಿಲ್ಲುತ್ತದೆ. ಗಂಟೆಗೆ ಜಾಗಟೆ ಬೇಡ. ಅದರ ನಾದ ಎರಡು ಮೂರು ಮಾತ್ರೆ ಉಳಿದು ಲಘು ಗುರು ಎಲ್ಲ ಕಲಸಿಹೋಗುತ್ತದೆ. ಎತ್ತಿನ ಕೊರಳಿನ ಕಬ್ಬಿಣದ ಗಂಟೆಯ ನಾಲಿಗೆ ತೆಗೆದು, ಕೈಯಲ್ಲಿ ಹಿಡಿದು ಕೋಲಿನಿಂದ ಹೊಡೆಯಿರಿ. ಒಣ ಸದ್ದು ಬೇಕು. ಅಭ್ಯಾಸಕ್ಕೆ ಒಂದು ಆವರ್ತ ನಾಲ್ಕು ಸೆಕೆಂಡು, ರಂಗದ ಮೇಲೆ ಎರಡೂವರೆ. ಎರಡಕ್ಕೆ ಇಳಿದರೆ ಕನ್ನಡ ಮಾತು ಓಡಿಹೋಗುತ್ತದೆ.

ಸೊಲ್ಲಿನವರ ವಿಷಯ. ಬಯಲಾಟದ ಹಿಮ್ಮೇಳ ಪದದ ಕೊನೆಯನ್ನು ಎತ್ತಿ ಮತ್ತೆ ಹಾಡುತ್ತದೆ, ಒಂದೇ ಸ್ವರದಲ್ಲಿ. ಆಪೆರಾದಲ್ಲಿ ಮೇಳ ಅಂದರೆ ಬೇರೆ ಬೇರೆ ಸ್ವರಗಳ ಜೋಡಣೆ. ಇಲ್ಲಿ ಪೇಟಿ ಮಾಸ್ತರು ಪಾಶ್ಚಾತ್ಯ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಒತ್ತಿದರೋ, ರಾಗದಲ್ಲಿಲ್ಲದ ಸ್ವರಗಳು ಒಳಗೆ ಬಂದು ಕೂರುತ್ತವೆ. ಸ ರಿ ಗ ಪ ದ ಎಂಬ ಐದೇ ಸ್ವರಗಳ ಮೋಹನ ರಾಗದಲ್ಲಿ ಷಡ್ಜದ ಕಾರ್ಡ್ ನಡೆಯುತ್ತದೆ, ಪಂಚಮದ ಕಾರ್ಡಿಗೆ ನಿಷಾದ ಬೇಕು, ಅಲ್ಲಿಗೆ ಮೋಹನ ಸತ್ತಿತು.

ಆಫ್ರಿಕಾದ ಅನೇಕ ಹಾಡುಪದ್ಧತಿಗಳಲ್ಲಿ ಇದಕ್ಕೊಂದು ಸರಳ ಉಪಾಯವಿದೆ: ಹಾಡಿನ ರಾಗದಲ್ಲೇ ಒಂದು ಸ್ವರ ಬಿಟ್ಟು ಅದರಾಚೆಯ ಸ್ವರವನ್ನು ಎರಡನೇ ದನಿ ಹಾಡುವುದು. ಮೋಹನಕ್ಕೆ ಹಚ್ಚಿ ನೋಡಿ. ಸ ಹಾಡಿದವರಿಗೆ ಜೋಡಿ ಗ, ರಿಗೆ ಪ, ಗಕ್ಕೆ ದ, ಪಕ್ಕೆ ಮೇಲಿನ ಸ, ದಕ್ಕೆ ಮೇಲಿನ ರಿ. ಹುಟ್ಟುವ ಐದು ಜೋಡಿಗಳಲ್ಲಿ ನಾಲ್ಕು ಷಡ್ಜ-ಮಧ್ಯಮದ ಅಂತರ, ಒಂದು ಮಾತ್ರ ಷಡ್ಜ-ಗಾಂಧಾರದ್ದು. ಹೊರಗಿನ ಒಂದು ಸ್ವರವೂ ಬರಲಿಲ್ಲ, ಆದರೂ ಮೇಳ ತುಂಬಿಕೊಂಡಿತು. ಕಲಿಸುವುದೂ ಸುಲಭ. ಸ್ವರಲಿಪಿ ಓದಲು ಬಾರದ ಸೊಲ್ಲಿನವರಿಗೆ ‘ಒಂದು ಬಿಟ್ಟು ಮೇಲಿನದು’ ಎಂದರೆ ಸಾಕು. ನಾಲ್ವರಲ್ಲಿ ಮೂವರು ಮೂಲ ಧಾಟಿ, ಒಬ್ಬರು ಮೇಲಿನದು. ಇಬ್ಬಿಬ್ಬರಾದರೆ ಮೇಲಿನ ದನಿಯೇ ಮೂಲ ಧಾಟಿಯೆಂದು ಮಂದಿಗೆ ಕೇಳುತ್ತದೆ.

ಷೋಸಾ ಜನರ ಬಿಲ್ಲುವಾದ್ಯ ‘ಉಹಾದಿ’ ಇನ್ನೂ ರುಚಿಯಾದದ್ದನ್ನು ಕೊಡುತ್ತದೆ. ನಮ್ಮ ಶ್ರುತಿ ಕದಲದು. ಅವರ ಶ್ರುತಿ ಎರಡು ಆಧಾರಗಳ ನಡುವೆ ನಡೆದಾಡುತ್ತದೆ, ಒಂದು ಪೂರ್ಣ ಸ್ವರದ ಅಂತರದಲ್ಲಿ, ಅಂದರೆ ಸ ಮತ್ತು ರಿ. ಉಗುಭುವಿನಲ್ಲಿ ಈ ಅಂತರ ಹೆಚ್ಚುಕಡಿಮೆ ಅರ್ಧ ಸ್ವರ. ಸ ಆಧಾರದಿಂದ ಸ, ಗ, ಪ ಹೊಮ್ಮುತ್ತವೆ, ರಿ ಆಧಾರದಿಂದ ರಿ, ತೀವ್ರ ಮ, ದ. ಒಟ್ಟು ಸೇರಿಸಿದರೆ ನಿಷಾದ ಬಿಟ್ಟ ಕಲ್ಯಾಣಿ! ಕಲ್ಯಾಣಿಯ ಹಿಂದೂಸ್ತಾನಿ ಜೋಡಿ ಯಮನ್ ಕಿವಿಗೆ ಬಿದ್ದಿರುವ ಯಾವ ಪೇಟಿ ಮಾಸ್ತರಿಗೂ ಇದು ಪರಕೀಯವಲ್ಲ. ಎಡಗೈಯಲ್ಲಿ ಒಂದು ಆವರ್ತ ಸ-ಪ, ಮುಂದಿನ ಆವರ್ತ ರಿ-ದ. ಸೊಲ್ಲು ಆಯಾ ಆಧಾರದ ಸ್ವರದ ಮೇಲೆ ಮುಗಿಯಬೇಕು. ಶ್ರುತಿ ಸರಿಯುತ್ತಿದೆ ಎಂದು ಹಳೇ ಮಾಸ್ತರು ಮುಖ ಹುಳಿ ಮಾಡಿಕೊಂಡರೆ ಆಶ್ಚರ್ಯವಿಲ್ಲ. ಅವರು ಹೇಳುವುದೂ ಸರಿಯೇ. ಅದಕ್ಕೇ ಇದನ್ನು ಇಡೀ ದೃಶ್ಯಕ್ಕೆ ಹಚ್ಚದೆ ಒಂದೇ ಪದಕ್ಕೆ ಇಟ್ಟುಕೊಳ್ಳುವುದು ಲೇಸು.

ಚೌಡಿಕೆಯನ್ನು ಪಟ್ಟಿಯಲ್ಲಿ ಸೇರಿಸಿದ್ದು ಅಲಂಕಾರಕ್ಕಲ್ಲ. ಡುಂಡುನ್ ಡೋಲಿನ ಹುರಿಗಳನ್ನು ಕಂಕುಳಲ್ಲಿ ಅಮುಕಿದರೆ ನಾದ ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಹಾಗೇ ಅದು ಯೊರುಬಾ ಮಾತಾಡುತ್ತದೆ. ಹುಲಿಗೆಮ್ಮ, ಎಲ್ಲಮ್ಮನ ಜೋಗತಿಯರ ಚೌಡಿಕೆಯಲ್ಲೂ ತಂತಿ ಬಿಗಿದಂತೆ ನಾದ ಏರುತ್ತದೆ, ಸಡಿಲಿಸಿದಂತೆ ಜಾರುತ್ತದೆ. ಕನ್ನಡ ಸ್ಥಾಯಿಯ ಭಾಷೆಯಲ್ಲ, ಆದರೂ ‘ಬಂದ’ ಎಂಬುದು ಪ್ರಶ್ನೆಯೋ ಉತ್ತರವೋ ಎಂದು ದನಿಯ ಕೊನೆಯೇ ಹೇಳುತ್ತದಲ್ಲ? ಸಾರಥಿಯ ಮಾತಿನ ಬೆನ್ನಿಗೆ ಚೌಡಿಕೆ ಅದೇ ಏರಿಳಿತವನ್ನು ಮರುನುಡಿಯಲಿ. ಒಂದು ಮಾತಿಗೆ ಒಂದೇ ಸಲ, ನಾಲ್ಕೈದು ಮೀಟು. ಎಡೆಬಿಡದೆ ನುಡಿಸಿದರೆ ಅದು ಮಾತು ನಿಲ್ಲಿಸಿ ಗಲಾಟೆಯಾಗುತ್ತದೆ. ಇನ್ನೊಂದು ಮಾತು: ಬಳ್ಳಾರಿ ಸೀಮೆಯವರೇ ಆದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ವಾದ್ಯಕ್ಕೆ ಪಟ್ಟಣದ ವೇದಿಕೆಗಳಲ್ಲಿ ಬೆಲೆ ಬಂದಿದೆ. ಚೌಡಿಕೆ ಬೇಕಾದರೆ ಅದನ್ನು ನುಡಿಸುವವರನ್ನೇ ಕರೆಯಿರಿ, ಬರೀ ವಾದ್ಯ ತಂದು ಯಾರ ಕೈಗೋ ಕೊಡಬೇಡಿ.

ಶ್ರುತಿ ಹೊಂದಿಸುವುದು ಬೇಸರದ ಕೆಲಸ, ಬಿಡುವಂತಿಲ್ಲ. ಸ್ವರಗಳ ಅಂತರ ಅಳೆಯುವ ಮಾನ ಸೆಂಟ್. ಪೇಟಿಯ ಅಕ್ಕಪಕ್ಕದ ಎರಡು ಪಟ್ಟಿಗಳ ನಡುವೆ 100 ಸೆಂಟ್ ಎಂದು ಲೆಕ್ಕ. ತಂಬೂರಿಯ ಒಳಗಿಂದ ಕೇಳುವ ಸಹಜ ಗಾಂಧಾರಕ್ಕಿಂತ ಪೇಟಿಯ ಗಾಂಧಾರ ಸುಮಾರು 14 ಸೆಂಟ್ ಮೇಲಿದೆ. ಆಪೆರಾ ಗಂಟಲಿನ ಕಂಪನ ಸೆಕೆಂಡಿಗೆ ಐದಾರು ಸಲ, ಅದರ ಅಗಲ ಈ 14ಕ್ಕಿಂತ ಎಷ್ಟೋ ಹೆಚ್ಚು. ಹೀಗಾಗಿ ಪೇಟಿಯೂ ಕಂಠವೂ ಒಂದೇ ಧಾಟಿಯನ್ನು ಜೊತೆಯಾಗಿ ನುಡಿಸಿದರೆ ಗೀರಿದ ಹಾಗೆ ಕೇಳುತ್ತದೆ. ಆಪೆರಾ ಸಾಲು ಬಂದಾಗ ಪೇಟಿ ಸ-ಪ ಮಾತ್ರ ಹಿಡಿಯಲಿ, ಧಾಟಿ ನುಡಿಸದಿರಲಿ. ಗಮಕಗಳನ್ನು ಅವರಿಂದ ಹಾಡಿಸುವ ಹಟವೂ ಬೇಡ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅವರ ವಿದ್ಯೆಯಲ್ಲೇ ಇದೆ, ಅಷ್ಟು ಸಾಕು. ಹಳೇ ಪೇಟಿಗಳು ಪಾಶ್ಚಾತ್ಯ ವಾದ್ಯಗಳನ್ನು ಹೊಂದಿಸುವ 440 ಹರ್ಟ್ಸಿನ ಲೆಕ್ಕಕ್ಕೆ ಕೂತಿರುವುದಿಲ್ಲ. ಫೋನಿನ ಟ್ಯೂನರ್ ಹಾಕಿ ಎಷ್ಟು ಸೆಂಟ್ ಹೆಚ್ಚುಕಡಿಮೆ ಇದೆ ನೋಡಿ, ಚೆಲ್ಲೊ ಅಥವಾ ಕೀಬೋರ್ಡ್ ಇದ್ದರೆ ಅವೇ ಪೇಟಿಗೆ ಬಗ್ಗಬೇಕು. ಪೇಟಿ ಅವಕ್ಕೆ ಬಗ್ಗದು.

ಶಹನಾಯಿ ಇಟ್ಟುಕೊಂಡರೆ ಹವೆಯ ಲೆಕ್ಕ ಬೇರೆ. ಗಾಳಿಯ ಕೊಳವೆಯ ನಾದ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್ ಏರುತ್ತದೆ. ಸಂಜೆ ಏಳಕ್ಕೆ 35 ಡಿಗ್ರಿ, ನಸುಕಿನ ಮೂರಕ್ಕೆ 27 ಡಿಗ್ರಿ ಇದ್ದರೆ 24 ಸೆಂಟ್‌ವರೆಗೆ ಇಳಿಯಬಹುದು. ಊದುವವರ ಉಸಿರಿನ ಬಿಸಿ ಅದರಲ್ಲಿ ಒಂದಿಷ್ಟನ್ನು ತಡೆಯುತ್ತದೆ. ಪೇಟಿಯ ನಾಲಿಗೆಗಳು ಹೆಚ್ಚೇನೂ ಅಲುಗುವುದಿಲ್ಲ, ಮದ್ದಳೆಯ ಚರ್ಮ ಮಾತ್ರ ಇಬ್ಬನಿ ಬಿದ್ದಂತೆ ಸಡಿಲವಾಗುತ್ತದೆ. ಆದ್ದರಿಂದ ಈ ಎಂಟು ನಿಮಿಷದ ದೃಶ್ಯವನ್ನು ರಾತ್ರಿ ಹತ್ತರೊಳಗೆ ಇಡಿ. ಆಪೆರಾ ಗಂಟಲಿಗೂ ಅದೇ ಹಿತ. ಎರೆಹೊಲದ ಧೂಳಿನಲ್ಲಿ ನಸುಕಿನವರೆಗೆ ಕಾಯಿಸಿದರೆ ಯಾವ ಕಂಠವೂ ಉಳಿಯದು.

ಕಡೆಗೆ ಮೈಕು. ಆಪೆರಾದವರ, ಮುಖ್ಯವಾಗಿ ಗಂಡು ಕಂಠದವರ, ನಾದದ ಬಲ 3,000 ಹರ್ಟ್ಸಿನ ಆಸುಪಾಸಿನಲ್ಲಿ ಮಡುಗಟ್ಟಿರುತ್ತದೆ. ವಾದ್ಯಮೇಳದ ಬಲ ಇರುವುದು 500ರ ಹತ್ತಿರ. ಆ ಜಾಣತನದಿಂದಲೇ ಅವರು ಮೈಕಿಲ್ಲದೆ ಇಡೀ ಮೇಳವನ್ನು ಸೀಳಿ ಕೇಳಿಸುತ್ತಾರೆ. ಊರಿನ ಆಟಕ್ಕೆ ಕಟ್ಟುವ ಹಾರ್ನ್ ಸ್ಪೀಕರ್ ಕೂಡ ಅದೇ 3,000ದ ಆಸುಪಾಸಿನಲ್ಲಿ ಅತಿ ಜೋರು. ಎರಡೂ ಸೇರಿದರೆ ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಸಾರಥಿಗೆ ಮೈಕು ಬಾಯಿಂದ 10ರಿಂದ 15 ಸೆಂಟಿಮೀಟರ್ ಇರಲಿ, ಆಪೆರಾ ಕಂಠಕ್ಕೆ ಅರ್ಧ ಮೀಟರ್ ದೂರ, ನೇರವಾಗಿ ಅಲ್ಲ, ಗದ್ದದ ಪಕ್ಕಕ್ಕೆ ಓರೆಯಾಗಿ. ಮಿಕ್ಸರಿನಲ್ಲಿ ಆ ಚಾನೆಲ್ಲಿನ 2,500ರಿಂದ 3,500 ಹರ್ಟ್ಸ್ ನಡುವೆ ನಾಲ್ಕು ಡೆಸಿಬೆಲ್ ಇಳಿಸಿ, 100ರ ಕೆಳಗಿನದನ್ನು ಕತ್ತರಿಸಿ. ಸಾಧ್ಯವಾದರೆ ಹಾರ್ನ್ ಬಿಟ್ಟು ಬಾಕ್ಸ್ ತರಿಸಿ. ಮೈಕಿನ ಹುಡುಗನಿಗೆ ಮೊದಲೇ ಹೇಳಿಡಿ: ಹಾಡುವವರು ಏರಿದಾಗ ಅವನ ಕೈ ವಾಲ್ಯೂಮಿನ ಗುಂಡಿಯ ಮೇಲೆ ಇರಬಾರದು, ಜೋರಾಗುವುದೂ ಇಳಿಯುವುದೂ ಅವರ ಗಂಟಲಿನಲ್ಲೇ ಆಗುತ್ತದೆ. ಎಕೋ ಗುಂಡಿಯ ಮೇಲಂತೂ ಒಂದು ತುಂಡು ಟೇಪ್ ಅಂಟಿಸಿಬಿಡಿ.